ಆನೆಪಾದೆಯ ಕಿವಿ

ಹೊಸಕೋಡಿಯಲ್ಲಿ ಬೋಟುಗಳು ನಿಲ್ಲುವ ಧಕ್ಕೆಯಲ್ಲಿ ಬೆಳಗಾಯಿತೆಂದರೆ ಎಲ್ಲರ ಕಣ್ಣೂ ಐಸ್ ಪ್ಲಾಂಟಿನ ಗೋಡೆಯ ಮೇಲಿನ ಬೋರ್ಡಿನತ್ತ ತಿರುಗುತ್ತಿತ್ತು. ಅಲ್ಲಿ ಕೆಂಪು ಬೆಳಕಿನಲ್ಲಿ ಒಂದೇ ಒಂದು ಅಂಕೆ ಮೂಡುತ್ತಿತ್ತು. ಮೂರು ಎಂದಿದ್ದರೆ, ಪ್ರವಾಸಿಗಳನ್ನು ಗಾಳ ಹಾಕಿಸಲು ಕರೆದೊಯ್ಯುವ ಪ್ರತಿ ಬೋಟೂ ಆ ದಿನ ಮುರು ಎಂಬ ದೊಡ್ಡ ಬಂಡೆಮೀನುಗಳನ್ನು ಮೂರರಷ್ಟು ಇಟ್ಟುಕೊಳ್ಳಬಹುದು. ಒಂದು ಎಂದಿದ್ದರೆ ಒಂದು. ಸೊನ್ನೆ ಎಂದಿದ್ದರೆ ಆನೆಪಾದೆಯ ಕಡೆ ತಲೆ ಹಾಕುವಂತಿಲ್ಲ.

ಆನೆಪಾದೆ ಎಂದರೆ ತೀರದಿಂದ ಬೋಟಿನಲ್ಲಿ ಗಂಟೆಗೂ ಹೆಚ್ಚಿನ ದೂರದಲ್ಲಿ ನೀರಿನಡಿ ಮಲಗಿದ್ದ ದೊಡ್ಡ ಬಂಡೆಸಾಲು. ಒಂದು ಕಡೆ ಭುಜದಂತೆ ಮೇಲೆದ್ದು, ಇನ್ನೊಂದು ಕಡೆ ಒಮ್ಮೆಲೆ ಆಳಕ್ಕೆ ಇಳಿದಿತ್ತು. ಮಳೆಗಾಲ ಮುಗಿದು ಕಡಲು ತಿಳಿಯಾದ ಮೇಲೆ ಮುರು ಮೀನುಗಳು ಅಲ್ಲಿ ಮೊಟ್ಟೆಯಿಡಲು ಸೇರುತ್ತಿದ್ದವು. ಆ ದಿನಗಳಲ್ಲಿ ಗಂಡು ಮುರು ತನ್ನ ಹೊಟ್ಟೆಯೊಳಗಿನ ಗಾಳಿಚೀಲವನ್ನು ನಡುಗಿಸಿ, ಖಾಲಿ ಡ್ರಮ್ಮಿನ ಮೇಲೆ ಅಂಗೈಯಿಂದ ಹೊಡೆದಂಥ ಸದ್ದು ಹೊರಡಿಸುತ್ತದೆ. ಒಂದೊಂದು ಗಂಡಿನ ದನಿಯೂ ಬೇರೆ. ಬಂಡೆಗಳ ನಡುವೆ ಇಳಿಬಿಟ್ಟಿದ್ದ ನೀರೊಳಗಿನ ಮೈಕುಗಳು ಆ ದನಿಗಳನ್ನು ಹಿಡಿದು ದಡಕ್ಕೆ ಕಳಿಸುತ್ತಿದ್ದವು. ದಡದಲ್ಲಿದ್ದ ಯಂತ್ರ ಎಷ್ಟು ಬಗೆಯ ಗಂಡು ದನಿಗಳಿವೆ ಎಂದು ಲೆಕ್ಕ ಹಾಕಿ, ಎಷ್ಟು ಮೀನು ಹಿಡಿದರೆ ಸಂತತಿಗೆ ಹಾನಿಯಿಲ್ಲ ಎಂದು ನಿರ್ಧರಿಸುತ್ತಿತ್ತು. ಇಡೀ ವ್ಯವಸ್ಥೆಗೆ ಇಲಾಖೆಯವರು ಉದ್ದನೆಯ ಹೆಸರಿಟ್ಟಿದ್ದರು. ಊರವರು ಅದನ್ನು ಕಿವಿ ಎಂದು ಕರೆದರು.

ಕಿವಿ ಬರುವ ಮೊದಲು ಆನೆಪಾದೆಯಲ್ಲಿ ಗಾಳ ಹಾಕುವುದೇ ನಿಷೇಧವಾಗಿತ್ತು. ಹಿಂದೆ ಮಿತಿಯಿಲ್ಲದೆ ಹಿಡಿದದ್ದರಿಂದ ಮುರು ಮೀನು ಕಾಣದಂತಾಗಿ, ಹೊಸಕೋಡಿಯ ಬೋಟುಗಳು ವರ್ಷಗಟ್ಟಲೆ ಮರಳ ಮೇಲೆ ಬಿದ್ದಿದ್ದವು. ಕಡಲನ್ನು ದಿನ ದಿನವೂ ಕೇಳಿಸಿಕೊಂಡು ಮಿತಿ ಹೇಳುವ ಯಂತ್ರವಿದ್ದರೆ ಪೂರ್ತಿ ನಿಷೇಧ ಬೇಕಿಲ್ಲ ಎಂದು ವಾದಿಸಿ ಒಪ್ಪಿಸಿದವಳು ಡಾ. ಶಹೀನಾ. ಪಕ್ಕದ ಶಿರೂರಿನ ಹುಡುಗಿ, ಮೀನಿನ ಸದ್ದುಗಳ ಮೇಲೆಯೇ ಓದಿದವಳು. ಕಿವಿಯ ಕೋಣೆ ಅವಳ ಸುಪರ್ದಿಯಲ್ಲಿತ್ತು.

ಬೋಟು ನಡೆಸುವವರಲ್ಲಿ ಒಬ್ಬಳೇ ಹೆಂಗಸು ಜಲಜಾಕ್ಷಿ. ಗಂಡ ರಮಾನಂದ ಮೊದಲು ಟ್ರಾಲ್ ಬೋಟಿನಲ್ಲಿದ್ದ. ಅಲ್ಲಿ ಬಲೆ ಎಳೆಯುವ ವಿಂಚಿಗೆ ಸಿಕ್ಕಿ ಬೆನ್ನು ಮುರಿದುಕೊಂಡ ಮೇಲೆ ಭಾರದ ಕೆಲಸಕ್ಕೆ ಆಗದವನಾದ. ಜಲಜಾಕ್ಷಿ ಪರೀಕ್ಷೆ ಬರೆದು ಬೋಟು ನಡೆಸುವ ಪರವಾನಗಿ ತಂದಳು. ಅವಳು ಪ್ರವಾಸಿಗಳನ್ನು ಕಡಲಿಗೆ ಕರೆದೊಯ್ದರೆ ಅವನು ಮನೆಯಲ್ಲಿ ಅವರಿಗೆ ಅಡುಗೆ ಮಾಡುತ್ತಿದ್ದ, ಬಿಡುವಿದ್ದಾಗ ಇಂಜಿನ್ನಿನ ಸಣ್ಣ ದೋಣಿಯಲ್ಲಿ ಏಡಿ ಹಿಡಿಯಲು ಹೋಗುತ್ತಿದ್ದ. ಅವನ ಕೈಯ ಮೀನು ಸಾರು ಉಂಡವರು ಮರುವರ್ಷ ಮತ್ತೆ ಬರುತ್ತಿದ್ದರು.

ಆ ವರ್ಷ ಋತು ಶುರುವಾಗುತ್ತಲೇ ಬೋರ್ಡಿನಲ್ಲಿ ಒಂದು ಬಂತು. ಆಮೇಲೆ ಸೊನ್ನೆ. ಮರುದಿನವೂ ಸೊನ್ನೆ. ವಾರ ಕಳೆದರೂ ಸೊನ್ನೆ ಅಲುಗಲಿಲ್ಲ.

ಬರಬೇಕಿದ್ದವರು ಒಬ್ಬೊಬ್ಬರಾಗಿ ಫೋನು ಮಾಡಿ ಬರುವುದಿಲ್ಲ ಎಂದರು. ರಮಾನಂದ ಅರೆದಿಟ್ಟ ಮಸಾಲೆಯನ್ನು ಫ್ರಿಜ್ಜಿನಲ್ಲಿಟ್ಟು, ಎರಡು ದಿನ ಬಿಟ್ಟು ತೆಗೆದು ಚೆಲ್ಲಿದ.

"ಹೀಂಗೇ ಆದ್ರೆ ಬೋಟ್ ಕೊಡುದೇ ಸೈ," ಎಂದಳು ಜಲಜಾಕ್ಷಿ, ಊಟದ ತಟ್ಟೆಯ ಮುಂದೆ. "ಮಾಬಲಣ್ಣನೂ ಅದನ್ನೇ ಹೇಳ್ತಿದ್ದ. ಅವ್ನ್ ಬೋಟ್ ಕಾಂಬುಕೆ ಗೋವಾದವ್ರ್ ಬಂದಿದ್ರಂಬ್ರ್."

ಮಹಾಬಲ ಖಾರ್ವಿ ಬೋಟಿನವರ ಸಂಘದ ಅಧ್ಯಕ್ಷ. ಅವನೇ ಮಾರುವ ಯೋಚನೆಯಲ್ಲಿದ್ದಾನೆ ಎಂದರೆ ಉಳಿದವರ ಪಾಡೇನು.

"ಕೊಟ್ಟ್ ನೀನೆಂತ ಮಾಡ್ತೆ?" ರಮಾನಂದ ಕೇಳಿದ.

"ಫ್ಯಾಕ್ಟ್ರಿಯಲ್ಲಿ ಸಿಗಡಿ ಸುಲೀತೆ. ಬೇರೆಂತ ಇತ್ತ್?"

ಮದುವೆಗೆ ಮುಂಚೆ ಅವಳು ಮಾಡುತ್ತಿದ್ದುದು ಅದೇ ಕೆಲಸ. ಸಂಜೆ ಅವಳ ಬೆರಳುಗಳು ಬಿಳಿಚಿ, ತುದಿಯೆಲ್ಲ ಒಡೆದಿರುತ್ತಿದ್ದುದು ರಮಾನಂದನಿಗೆ ನೆನಪಿತ್ತು. ತನ್ನ ಬೆನ್ನು ಸರಿಯಿದ್ದಿದ್ದರೆ ಈ ಮಾತು ಅವಳ ಬಾಯಲ್ಲಿ ಬರುತ್ತಿರಲಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

ಕಿವಿಯ ಕೋಣೆಯಲ್ಲಿ ಶಹೀನಾಳಿಗೂ ನೆಮ್ಮದಿಯಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಕೂತರೆ ಸಿಗಡಿಗಳ ಚಟಪಟ, ಅಲೆಯ ಉಜ್ಜಾಟ, ದೂರದ ಹಡಗಿನ ಗುಂಯ್ ಎನ್ನುವ ಸದ್ದು. ಇವೆಲ್ಲದರ ಅಡಿಯಲ್ಲಿ, ಆಳದ ಗುಹೆಯ ಕಡೆಯಿಂದ, ಒಂದೇ ಒಂದು ಗಂಡು ದನಿ ಆಗಾಗ ಕೇಳುತ್ತಿತ್ತು. ಹೋದ ವರ್ಷ ಅಲ್ಲಿ ಆರೇಳು ದನಿಗಳಿದ್ದವು. ಸೊನ್ನೆ ಏಕೆಂದು ಕೇಳಿದ ಊರವರಿಗೆಲ್ಲ ಅವಳು ಇದನ್ನೇ ಹೇಳಿದ್ದಳು. ಮುರು ಮೀನು ಹುಟ್ಟುವಾಗ ಹೆಣ್ಣೇ. ವರ್ಷಗಟ್ಟಲೆ ಬದುಕಿ ದೊಡ್ಡದಾದ ಮೇಲೆ ಕೆಲವು ಮಾತ್ರ ಗಂಡಾಗುತ್ತವೆ. ಗಾಳ ಹಾಕುವವರಿಗೆ ಬೇಕಾದದ್ದು ದೊಡ್ಡ ಮೀನು. ಹಾಗಾಗಿ ಮಿತಿಯೊಳಗೇ ಹಿಡಿದರೂ ಹೋಗುತ್ತಿದ್ದುದು ಹೆಚ್ಚಾಗಿ ಗಂಡುಗಳೇ. ಈ ಲೆಕ್ಕವನ್ನು ತಾನು ಇನ್ನೂ ಬಿಗಿಯಾಗಿ ಹಾಕಬೇಕಿತ್ತೇ ಎಂಬ ಪ್ರಶ್ನೆ ಅವಳನ್ನು ಕೊರೆಯುತ್ತಿತ್ತು. ಈ ಋತು ಕೈಕೊಟ್ಟರೆ ಇಲಾಖೆ ಹಳೆಯ ನಿಷೇಧಕ್ಕೇ ಮರಳುತ್ತದೆ ಎಂದು ಅವಳ ಮೇಲಧಿಕಾರಿ ಆಗಲೇ ಸೂಚಿಸಿದ್ದರು.

ಹಾಗಿರುವಾಗ ಒಂದು ಬೆಳಿಗ್ಗೆ ಬೋರ್ಡಿನಲ್ಲಿ ಎರಡು ಬಂತು. ಎರಡು ದಿನ ಕಳೆದ ಮೇಲೆ ಮೂರು.

ಧಕ್ಕೆಯಲ್ಲಿ ಜನ ನಗಾಡಿದರು. ಮಹಾಬಲ ಎಲ್ಲರಿಗೂ ಚಹ ಕೊಡಿಸಿದ. ಬೋಟುಗಳು ಹೊರಟವು. ವಿಚಿತ್ರವೆಂದರೆ ಮೀನುಗಳು ಆಳ ಬಿಟ್ಟು ಆನೆಪಾದೆಯ ಭುಜದ ಮೇಲೇ ಸಿಗುತ್ತಿದ್ದವು. ಗಾಳ ಇಳಿಸಿದ ಸ್ವಲ್ಪ ಹೊತ್ತಿಗೇ ಎಳೆತ. ಆದರೆ ಎಲ್ಲವೂ ಮಧ್ಯಮ ಗಾತ್ರದ ಹೆಣ್ಣುಗಳು, ಹೊಟ್ಟೆ ತುಂಬ ಮೊಟ್ಟೆ. ಜಲಜಾಕ್ಷಿಗೆ ಇದು ಸರಿ ಕಾಣಲಿಲ್ಲ. ಆದರೂ ಬೋರ್ಡು ಮೂರು ಎನ್ನುತ್ತಿತ್ತು, ಯಂತ್ರ ತಪ್ಪು ಹೇಳಿದ್ದನ್ನು ಅವಳು ಕಂಡಿರಲಿಲ್ಲ. ಮನೆಯಲ್ಲಿ ಒಲೆಯ ಮೇಲೆ ಮತ್ತೆ ದೊಡ್ಡ ಪಾತ್ರೆ ಏರಿತ್ತು. ರಮಾನಂದ ಮಾತ್ರ ಮೊದಲಿನಂತೆ ಹಾಡಿಕೊಳ್ಳುತ್ತಿರಲಿಲ್ಲ. ಬೆನ್ನು ನೋವಿರಬೇಕು ಎಂದುಕೊಂಡಳು.

ದಾವಣಗೆರೆಯಿಂದ ವೀರಭದ್ರಪ್ಪ ಬಂದದ್ದು ಆ ವಾರ. ಲಾರಿಗೆ ಬಾಡಿ ಕಟ್ಟುವ ಕೆಲಸದಿಂದ ನಿವೃತ್ತನಾದ ಮನುಷ್ಯ. ಚಿಕ್ಕಂದಿನಿಂದ ಕೆರೆಯಲ್ಲಿ ಗಾಳ ಹಾಕಿದವನು. ಹೋದ ಎರಡು ವರ್ಷವೂ ಬಂದು ಬರಿಗೈಯಲ್ಲಿ ಮರಳಿದ್ದ. ಈ ಸಲ ಇಬ್ಬರು ಗೆಳೆಯರನ್ನೂ ಕರೆತಂದಿದ್ದ.

"ಜೀವಮಾನದಾಗ ಒಂದು ದೊಡ್ಡ ಮೀನು ಹಿಡೀಬೇಕು ಅಂತ ಆಸೆ ಐತಿ ನೋಡಮ್ಮ," ಎಂದ ಬೋಟು ಹತ್ತುತ್ತ. "ಇದು ಆದ್ರೆ ಮತ್ತೆ ಮನಿಯಾಗ ಯಾರನ್ನೂ ಕಾಡೋದಿಲ್ಲ ಅಂತ ಮಾತು ಕೊಟ್ಟು ಬಂದೀನಿ."

ಅದೇ ಬೆಳಿಗ್ಗೆ ಶಹೀನಾ ಒಂದು ವಿಷಯ ಗಮನಿಸಿದಳು. ತಲೆಯ ಮೇಲೆ ಬೋಟಿನ ಇಂಜಿನ್ ಹಾದಾಗ ಮುರು ಮೀನು ಸುಮ್ಮನಾಗುತ್ತದೆ. ಇಂಜಿನ್ನಿನ ಗದ್ದಲದಲ್ಲಿ ಉಳಿದ ಸದ್ದುಗಳು ಮುಚ್ಚಿಹೋಗುವುದರಿಂದ ಯಂತ್ರ ಆ ನಿಮಿಷಗಳನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಯಾವುದೋ ಅನುಮಾನಕ್ಕೆ ಅವಳು ಆ ನಿಮಿಷಗಳನ್ನೇ ಸೋಸಿ ಕೇಳಿದಳು. ಬೋಟು ಬರುತ್ತಲೇ ಒಂದು ದನಿ ನಿಂತಿತು. ಉಳಿದವು ನಿಲ್ಲಲಿಲ್ಲ, ಇಂಜಿನ್ ಹಾದುಹೋಗುವ ಉದ್ದಕ್ಕೂ ಕೂಗುತ್ತಲೇ ಇದ್ದವು.

ಯಂತ್ರ ದನಿಗಳನ್ನು ಎಣಿಸುತ್ತಿತ್ತೇ ಹೊರತು ಅವು ಎಲ್ಲಿಂದ ಬರುತ್ತಿವೆ ಎಂದು ನೋಡುತ್ತಿರಲಿಲ್ಲ. ಅದಕ್ಕೆ ಬೇರೆಯೇ ಲೆಕ್ಕ ಬೇಕು. ಮೈಕುಗಳಿಗೆ ಸದ್ದು ತಲುಪಿದ ಹೊತ್ತಿನ ವ್ಯತ್ಯಾಸ ಹಿಡಿದು ಅವಳು ಆ ಲೆಕ್ಕ ಹಾಕಿದಳು. ಇಂಜಿನ್ನಿಗೆ ಹೆದರದ ದನಿಗಳೆಲ್ಲ ಒಂದೇ ಜಾಗದಿಂದ ಬರುತ್ತಿದ್ದವು, ಬಂಡೆಯ ಭುಜದ ಮೇಲಿಂದ. ಅಷ್ಟು ಗಂಡುಗಳು ಒಂದೇ ಕಡೆ ಇರಲು ಸಾಧ್ಯವಿಲ್ಲ, ಒಂದನ್ನೊಂದು ಕಚ್ಚಿ ಓಡಿಸುತ್ತವೆ. ಹೆಡ್‌ಫೋನ್ ಒತ್ತಿ ಹಿಡಿದು ಮತ್ತೆ ಕೇಳಿದಳು. ಎಲ್ಲವೂ ಒಂದೇ ದನಿ. ಒಂದನ್ನು ನಿಧಾನ, ಇನ್ನೊಂದನ್ನು ತುಸು ಚುರುಕು ಮಾಡಿದ್ದರು. ಹಿಂದಿನ ವರ್ಷ ಊರ ಜನರಿಗೆಂದು ಅವಳೇ ಹಂಚಿದ್ದ ಧ್ವನಿಮುದ್ರಣ ಅದು. ಎಷ್ಟೋ ಜನ ಅದನ್ನು ಫೋನಿನ ರಿಂಗ್‌ಟೋನ್ ಮಾಡಿಕೊಂಡಿದ್ದರು.

ಯಾರೋ ನೀರಿನಡಿ ಸ್ಪೀಕರ್ ಇಟ್ಟಿದ್ದಾರೆ. ಹೆಣ್ಣುಗಳು ಆ ಕೂಗಿಗೆ ಆಳ ಬಿಟ್ಟು ಬಂದು ಗಾಳಕ್ಕೆ ಸಿಗುತ್ತಿವೆ.

ಇನ್ನು ಆ ಒಂದು ನಿಜವಾದ ದನಿ? ಅದು ಬೆಳಗಿನಿಂದ ಗುಹೆ ಬಿಟ್ಟು ಇಷ್ಟಿಷ್ಟೇ ಮೇಲೇರುತ್ತಿತ್ತು. ತನ್ನ ಜಾಗದಲ್ಲಿ ಕೂಗುತ್ತಿರುವ ಎದುರಾಳಿಯನ್ನು ಓಡಿಸಲು ಭುಜದ ಕಡೆಗೇ ಬರುತ್ತಿತ್ತು. ಅಲ್ಲಿಗೆ ತಲುಪಿದ ಮೇಲೆ ಅದರ ಕೂಗು ನಿಂತಿತ್ತು. ಮತ್ತೆ ಕೇಳಲಿಲ್ಲ.

ಅವಳು ವೈರ್‌ಲೆಸ್ ಎತ್ತಿಕೊಂಡಳು.

ಬೋಟಿನಲ್ಲಿ ವೀರಭದ್ರಪ್ಪನ ಕೋಲು ಬಿಲ್ಲಿನಂತೆ ಬಾಗಿತ್ತು. ಗೆಳೆಯರಿಬ್ಬರೂ ಅವನ ಸೊಂಟ ಹಿಡಿದು ನಿಂತಿದ್ದರು. ಎಳೆದು, ಬಿಟ್ಟು, ಮತ್ತೆ ಎಳೆದು, ಕೊನೆಗೆ ನೀರಿನಲ್ಲಿ ಕಂದು ಬಣ್ಣದ ಮಚ್ಚೆಗಳ ದೊಡ್ಡ ಬೆನ್ನು ತೇಲಿತು. ಜಲಜಾಕ್ಷಿ ಇಷ್ಟು ದೊಡ್ಡ ಮುರುವನ್ನು ಈಚೆಗೆ ಕಂಡಿರಲಿಲ್ಲ. ಬಲೆ ಹಾಕಿ ಮೂವರೂ ಸೇರಿ ಮೇಲೆತ್ತಿದರು. ಒತ್ತಡವಿದ್ದ ನೀರಿನಿಂದ ಒಮ್ಮೆಲೆ ಮೇಲೆ ಬಂದದ್ದರಿಂದ ಅದರ ಗಾಳಿಚೀಲ ಉಬ್ಬಿ ಹೊಟ್ಟೆ ಬಿರಿಯುವಂತಾಗಿತ್ತು. ಕಣ್ಣುಗುಡ್ಡೆ ಹೊರಗೆ ಚಾಚಿತ್ತು. ವೀರಭದ್ರಪ್ಪ ಮೀನಿನ ಪಕ್ಕದಲ್ಲೇ ಕೂತು ಅಳುತ್ತಿದ್ದ, ನಗುತ್ತಲೂ ಇದ್ದ.

ವೈರ್‌ಲೆಸ್ ಕರೆಯಿತು.

"ಜಲಜಕ್ಕ, ಭುಜದ ಹತ್ರ ದೊಡ್ಡ ಮೀನು ಏನಾದ್ರೂ ಬಿತ್ತಾ?"

"ಬಿತ್ತ್ ಮೇಡಂ. ಈಗಷ್ಟೇ. ಭಾರೀ ದೊಡ್ಡದ್."

"ಅದು ಗಂಡು. ಇಡೀ ಪಾದೆಗೆ ಈಗ ಇರುವುದು ಅದೊಂದೇ. ಬೋರ್ಡಿನ ಮೂರು ಸುಳ್ಳು. ಯಾರೋ ಸ್ಪೀಕರ್ ಇಟ್ಟು ಕೂಗಿಸ್ತಿದ್ದಾರೆ. ಜೀವ ಉಂಟಾ ಅದಕ್ಕೆ?"

"ಕಿವಿರು ಇನ್ನೂ ಆಡ್ತಿತ್ತ್."

"ನಿಮಗೆ ಆಜ್ಞೆ ಮಾಡಲಿಕ್ಕೆ ನನಗೆ ಬರುವುದಿಲ್ಲ ಅಕ್ಕ. ಬೋರ್ಡಿನ ಪ್ರಕಾರ ಆ ಮೀನು ನಿಮ್ಮದೇ. ಆದ್ರೆ ಅದು ಹೋದ್ರೆ ಈ ವರ್ಷದ ಮೊಟ್ಟೆಗಳೆಲ್ಲ ದಂಡ. ಇನ್ನೊಂದು ಹೆಣ್ಣು ಗಂಡಾಗ್ಲಿಕ್ಕೆ ತಿಂಗಳುಗಟ್ಟಲೆ ಬೇಕು."

ಜಲಜಾಕ್ಷಿ ಮೀನಿನತ್ತ ನೋಡಿದಳು. ಹಾಗೇ ನೀರಿಗೆ ಬಿಟ್ಟರೆ ಅದು ಬೆಂಡಿನಂತೆ ತೇಲುತ್ತದೆ, ಹದ್ದುಗಳ ಪಾಲಾಗುತ್ತದೆ. ಆಳಕ್ಕೆ ಮುಟ್ಟಿಸಿದರೆ ಮಾತ್ರ ನೀರಿನ ಒತ್ತಡಕ್ಕೆ ಚೀಲ ಕುಗ್ಗೀತು. ಅದಕ್ಕೂ ಹೆಚ್ಚು ಹೊತ್ತಿಲ್ಲ.

"ಯಜಮಾನ್ರೆ, ಇದನ್ನ್ ನೀರಿಗ್ ಬಿಡ್ಕ್," ಎಂದಳು.

ವೀರಭದ್ರಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಕೆಂಪಾಯಿತು. "ಅಲ್ಲಮ್ಮ, ಬೋರ್ಡ್ ಮ್ಯಾಲೆ ಮೂರು ಅಂತ ಐತಲ್ಲ. ನಾನೇನು ಕದ್ದೀನೇನು?"

"ನೀವ್ ಕದ್ದಿಲ್ಲ. ನಂಗೂ ಬಿಡುಕೆ ಮನಸ್ಸಿಲ್ಲ. ಇದೊಂದೇ ಗಂಡ್ ಉಳ್ದದ್ದಂಬ್ರ್. ಇದ್ ಸತ್ರೆ ಬಪ್ಪ ವರ್ಷ ನಿಮ್ಗೂ ಮೀನಿಲ್ಲ, ನಂಗೂ ಬೋಟಿಲ್ಲ."

"ಒಂದು ಫೋಟೋನಾದ್ರೂ," ಎಂದ ಗೆಳೆಯನೊಬ್ಬ.

"ಹೊತ್ತಿಲ್ಲ."

ಅವಳು ಮೀನು ತುಂಬುವ ಪ್ಲಾಸ್ಟಿಕ್ ಕ್ರೇಟನ್ನು ತಲೆಕೆಳಗು ಮಾಡಿ, ನಾಲ್ಕು ಮೂಲೆಗೂ ಲಂಗರಿನ ಸರಪಳಿಯ ತುಂಡು ಕಟ್ಟಿದಳು. ಮಗುಚಿದ ಕ್ರೇಟಿನ ಅಡಿಯಲ್ಲಿ ಸಿಕ್ಕಿಸಿ ಇಳಿಸಿದರೆ ಮೀನು ಮೇಲೆ ತೇಲಲಾರದು. ಆಳದಲ್ಲಿ ಚೀಲ ಕುಗ್ಗಿದ ಮೇಲೆ ತಾನೇ ಕೆಳಗಿನಿಂದ ಜಾರಿ ಹೋದೀತು. ಮೀನು ಒಬ್ಬಳ ಕೈಗೆ ಬಗ್ಗುವಂಥದ್ದಲ್ಲ. ಅವಳು ಒದ್ದಾಡುತ್ತಿರುವುದನ್ನು ವೀರಭದ್ರಪ್ಪ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಎದ್ದು ಬಂದು ಬಾಲದ ಕಡೆ ಹಿಡಿದ. ಇಬ್ಬರೂ ಸೇರಿ ಅದನ್ನು ನೀರಿಗೆ ಜಾರಿಸಿ ಕ್ರೇಟಿನ ಅಡಿಗೆ ತಳ್ಳಿದರು. ಹಗ್ಗ ಸರ್ರನೆ ಇಳಿಯಿತು. ಅವನ ಅಂಗೈಯ ಚರ್ಮ ಕಿತ್ತು ರಕ್ತ ಬಂದರೂ ಹಗ್ಗ ಬಿಡಲಿಲ್ಲ.

ಎಳೆದಾಗ ಕ್ರೇಟು ಖಾಲಿ ಬಂತು.

"ಬದುಕತೈತಾ?" ಎಂದು ಕೇಳಿದ.

"ಗೊತ್ತಿಲ್ಲ."

ಜಲಜಾಕ್ಷಿ ಬೋಟನ್ನು ದಡದ ಕಡೆ ತಿರುಗಿಸಿದಳು.

ಮನೆಯಲ್ಲಿ ಬಿಸಿ ಅನ್ನದ ಪರಿಮಳವಿತ್ತು. ಅತಿಥಿಗಳು ಊಟ ಬೇಡವೆಂದು ಹೊರಟುಹೋದದ್ದನ್ನು ಕೇಳಿ ರಮಾನಂದ ಸೌಟು ಹಿಡಿದೇ ನಿಂತ. ಜಲಜಾಕ್ಷಿ ನಡೆದದ್ದನ್ನೆಲ್ಲ ಹೇಳಿದಳು. ಸ್ಪೀಕರ್ ಎಂಬ ಮಾತು ಬರುತ್ತಲೇ ಅವನು ಒಲೆಯ ಕಡೆ ತಿರುಗಿ ಉರಿ ಸಣ್ಣ ಮಾಡಿದ. ಉರಿ ಮೊದಲೇ ಸಣ್ಣಗಿತ್ತು.

"ನೀವಾ?" ಎಂದಳು.

ಅವನು ತಿರುಗಲಿಲ್ಲ. "ಏಡಿ ಹಿಡುಕೆ ಸಣ್ಣ ದೋಣಿ ತಕಂಡ್ ಹೋಪಾಗ ಇಟ್ಟ್ ಬಂದೆ. ಈ ವರ್ಷ ಒಂದೇ ದನಿ ಬತ್ತ್ ಅಂತ ಮೇಡಂ ಹೇಳಿದ್ರಲೆ. ಇನ್ನ್ ಐದಾರ್ ಸೇರ್ಸಿರೆ ಒಂದ್ ನಾಲ್ಕ್ ದಿನ ಬೋಟ್ ಹೋತ್ತ್ ಅಂತ ಮಾಡಿದ್ದ್. ಮೀನ್ ಆ ಕೂಗ್ ಕೇಂಡ್ ಬತ್ತೋ ಅಂತ ನಂಗೆ ಗೊತ್ತಿರ್ಲಿಲ್ಲ."

"ನಾಲ್ಕ್ ದಿನ ಆದ್ಮೇಲೆ ಎಂತಕೆ ತೆಗೀಲಿಲ್ಲ?"

"ನೀನ್ ನಗಾಡ್ತಿದ್ದೆ," ಎಂದ.

ಅವಳಿಗೆ ಸಿಟ್ಟು ಬಂತು. ಸೌಟನ್ನು ಅವನ ಕೈಯಿಂದ ತೆಗೆದು ಪಾತ್ರೆಯಲ್ಲಿಟ್ಟಳು. "ನಡೀರಿ. ಬೆಳ್ಕ್ ಇಪ್ಪಾಗ್ಲೇ ಹೋಪ. ಅದ್ ಕೂಗ್ತಾ ಇದ್ರೆ ಆ ಮೀನ್ ಮತ್ತೆ ಮೇಲ್ ಬತ್ತ್."

ಇಬ್ಬರೂ ಹೋಗಿ ಸ್ಪೀಕರನ್ನು ಎತ್ತಿ ತಂದರು. ಬಿಗಿದು ಮುಚ್ಚಿದ ಕ್ಯಾನಿನಲ್ಲಿ ಬ್ಯಾಟರಿ, ಅದಕ್ಕೆ ರಬ್ಬರು ಸುತ್ತಿದ ಸಣ್ಣ ಪೆಟ್ಟಿಗೆ. ಅದನ್ನು ಹಿಡಿದುಕೊಂಡೇ ಕಿವಿಯ ಕೋಣೆಗೆ ಹೋದರು.

ಶಹೀನಾ ಅದನ್ನು ಮೇಜಿನ ಮೇಲಿಟ್ಟು ರಬ್ಬರು ಬಿಚ್ಚಿ ನೋಡಿದಳು. "ಇದನ್ನು ನಾನು ವರದಿಯಲ್ಲಿ ಬರೆದ್ರೆ ನಿಮ್ಮ ಪರವಾನಗಿ ಹೋಗ್ತದೆ. ಕಿವಿಯನ್ನೂ ನಿಲ್ಲಿಸಬಹುದು. ಯಂತ್ರ ಕೆಟ್ಟಿತ್ತು ಅಂತ ಬರೆದ್ರೆ ಯಾರಿಗೂ ಏನೂ ಆಗುವುದಿಲ್ಲ." ಪೆಟ್ಟಿಗೆಯನ್ನು ಬದಿಗೆ ಸರಿಸಿ ಹೇಳಿದಳು, "ನಾನು ಮಧ್ಯಾಹ್ನದಿಂದ ಅದನ್ನೇ ಯೋಚನೆ ಮಾಡ್ತಾ ಇದ್ದೆ. ನಿಮ್ಮ ಹತ್ರ ಸುಳ್ಳು ಹೇಳುವುದಿಲ್ಲ."

ರಮಾನಂದ ಗೋಡೆಗೆ ಒರಗಿ ನಿಂತಿದ್ದ. ಕೂರೆಂದರೂ ಕೂರಲಿಲ್ಲ. "ನನ್ ಹೆಸ್ರ್ ಬರೀರಿ ಮೇಡಂ," ಎಂದ. "ಅವ್ಳಿಗೆ ಗೊತ್ತಿರ್ಲಿಲ್ಲ. ಅದನ್ನೂ ಬರೀರಿ."

ಜಲಜಾಕ್ಷಿ ಅವನನ್ನು ತಡೆಯಲಿಲ್ಲ.

ಶಹೀನಾ ಇದ್ದದ್ದನ್ನು ಇದ್ದಂತೆಯೇ ಬರೆದಳು. ದನಿಗಳು ಎಲ್ಲಿಂದ ಬರುತ್ತಿವೆ ಎಂದು ನೋಡುವ ಲೆಕ್ಕವನ್ನು ತಾನು ಮೊದಲೇ ಯಂತ್ರಕ್ಕೆ ಕಲಿಸದಿದ್ದದ್ದನ್ನೂ ಸೇರಿಸಿದಳು. ಇಲಾಖೆಯವರು ಬಂದರು, ವಿಚಾರಣೆ ನಡೆಯಿತು. ಜಲಜಾಕ್ಷಿಯ ಬೋಟಿಗಿದ್ದ ಗಾಳ ಹಾಕಿಸುವ ಪರವಾನಗಿಯನ್ನು ಎರಡು ಋತುವಿಗೆ ತಡೆಹಿಡಿದರು. ಕಿವಿಯನ್ನು ನಿಲ್ಲಿಸುವುದು ಬಿಡುವುದು ಋತುವಿನ ಕೊನೆಯಲ್ಲಿ ತೀರ್ಮಾನವಾಗುತ್ತದೆ ಎಂದರು. ಅಲ್ಲಿಯವರೆಗೆ ಬೋರ್ಡಿನಲ್ಲಿ ಸೊನ್ನೆ.

ಸಂಘದ ಸಭೆಯಲ್ಲಿ ರಮಾನಂದನ ಮೇಲೆ ಒಬ್ಬ ಕೈ ಎತ್ತಿದ. ಮಹಾಬಲ ನಡುವೆ ಬಂದು ಬಿಡಿಸಿದ, ಆದರೆ ಅವನೂ ಅವತ್ತಿನಿಂದ ಆ ಮನೆಯವರೊಂದಿಗೆ ಮಾತು ಬಿಟ್ಟ. ಅಂಗಡಿಯಲ್ಲಿ ಜಲಜಾಕ್ಷಿ ಬಂದರೆ ಜನ ಸರಿದು ನಿಲ್ಲುತ್ತಿದ್ದರು. ಗಂಡ ಹೆಂಡತಿಯ ನಡುವೆಯೂ ಬೇಕಾದ ಮಾತು ಬಿಟ್ಟು ಬೇರೆ ಮಾತಿಲ್ಲದಾಯಿತು. ಅವಳಿಗೆ ಜನರನ್ನು ಹೊಳೆಬಾಯಿ ದಾಟಿಸುವ ಲಾಂಚ್ ನಡೆಸುವ ಕೆಲಸ ಸಿಕ್ಕಿತು. ಸಿಗಡಿ ಸುಲಿಯಲು ಹೋದವನು ರಮಾನಂದ. ಬೆನ್ನಿಗೆ ದಿಂಬು ಕಟ್ಟಿಕೊಂಡು, ಹೆಂಗಸರ ಸಾಲಿನ ಕೊನೆಯಲ್ಲಿ ಕೂತು ಸುಲಿಯುತ್ತಿದ್ದ.

ಶಹೀನಾ ಪ್ರತಿದಿನ ಕೇಳಿದಳು. ಸಿಗಡಿಗಳ ಚಟಪಟ, ಅಲೆಯ ಉಜ್ಜಾಟ. ಗುಹೆಯ ಕಡೆಯಿಂದ ಏನೂ ಇಲ್ಲ. ದಾವಣಗೆರೆಯಿಂದ ವೀರಭದ್ರಪ್ಪ ಆಗಾಗ ಜಲಜಾಕ್ಷಿಗೆ ಫೋನು ಮಾಡುತ್ತಿದ್ದ. "ಕೂಗಿತೇನಮ್ಮ?" ಎನ್ನುವನು. "ಇಲ್ಲ," ಎಂದರೆ, "ಹೂಂ," ಎಂದು ಇಡುವನು. ನೀರಿನಡಿ ಎಲ್ಲೋ ಅದು ಅಂದೇ ಸತ್ತಿರಬೇಕೆಂದು ಅವಳಿಗೆ ಒಳಗೊಳಗೆ ಅನ್ನಿಸುತ್ತಿತ್ತು. ಹಾಗೆಂದು ಅವನಿಗೆ ಹೇಳಲಿಲ್ಲ.

ಋತು ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಶಹೀನಾ ಓಡುತ್ತ ಬಂದು ಲಾಂಚ್ ಹತ್ತಿದಳು. ಚಪ್ಪಲಿ ಕೈಯಲ್ಲಿತ್ತು. ನೇರ ಜಲಜಾಕ್ಷಿ ನಿಂತಿದ್ದಲ್ಲಿಗೆ ಬಂದು, ಫೋನಿಗೆ ಸಿಕ್ಕಿಸಿದ್ದ ಹೆಡ್‌ಫೋನನ್ನು ಅವಳ ಕಿವಿಗೆ ಇಟ್ಟಳು.

ಮೊದಲು ಬರೀ ನೀರು. ಆಮೇಲೆ, ಎಲ್ಲೋ ಕೆಳಗೆ, ಡ್ರಮ್ಮಿನ ಮೇಲೆ ಅಂಗೈ ಬಿದ್ದಂತೆ ಒಂದು ಸದ್ದು. ತಡೆದು ಇನ್ನೊಂದು.

"ಅದೇನಾ?"

"ಅದೇ. ಹಳೇ ದನಿ ಜೊತೆ ಇಟ್ಟು ನೋಡಿದೆ. ಗುಹೆ ಹತ್ರಾನೇ ಉಂಟು. ಬೋಟ್ ಬಂದಾಗ ನಿಲ್ಲಿಸ್ತದೆ," ಎಂದಳು ಶಹೀನಾ. "ಇನ್ನೂ ಹೆಣ್ಣುಗಳು ಅಲ್ಲಿ ಉಂಟು. ಹೊತ್ತು ಮೀರಿಲ್ಲ."

"ಬೋರ್ಡ್?"

"ಸೊನ್ನೆ. ಒಂದೇ ದನಿಗೆ ಸೊನ್ನೆಯೇ ಅಕ್ಕ. ಬರುವ ವರ್ಷವೂ ಸೊನ್ನೆ ಆಗಬಹುದು. ಕಿವಿ ಉಳೀತದೋ ಇಲ್ವೋ ಅದೂ ಗೊತ್ತಿಲ್ಲ."

ಜಲಜಾಕ್ಷಿ ತಲೆಯಾಡಿಸಿದಳು. ಲಾಂಚ್ ಆಚೆ ದಡ ಮುಟ್ಟಿತ್ತು. ಜನ ಇಳಿದ ಮೇಲೆ ಅವಳು ವೀರಭದ್ರಪ್ಪನಿಗೆ ಫೋನು ಮಾಡಿದಳು. ವಿಷಯ ಕೇಳಿದವನು ಪಕ್ಕದಲ್ಲಿದ್ದವರಿಗೆ ಜೋರಾಗಿ ಹೇಳುತ್ತಿದ್ದದ್ದು ಅವಳಿಗೆ ಕೇಳಿಸಿತು: "ನಂದು ಬದುಕೈತಿ ನೋಡ್ರೋ."

ಲಾಂಚ್ ಈಚೆ ದಡಕ್ಕೆ ಬಂದಾಗ ಅಲ್ಲಿನ ಮರಳಿನಲ್ಲಿ ಮಹಾಬಲನ ಬೋಟು ವಾಲಿಕೊಂಡಿತ್ತು. ಅವನು ಅದರ ತಳಕ್ಕೆ ಅಂಟಿದ್ದ ಚಿಪ್ಪುಗಳನ್ನು ಉಳಿಯಿಂದ ಕೆರೆಯುತ್ತಿದ್ದ. ಕೊಳ್ಳುವವರು ಆ ವಾರ ಮತ್ತೆ ಬರುವವರಿದ್ದಾರೆ ಎಂದು ಊರಲ್ಲಿ ಸುದ್ದಿಯಿತ್ತು. ಜಲಜಾಕ್ಷಿ ಹತ್ತಿರ ಹೋಗಿ ನಿಂತಳು. ಅವನು ತಲೆ ಎತ್ತಲಿಲ್ಲ.

"ಮಾಬಲಣ್ಣ, ಆ ಗಂಡ್ ಮತ್ತೆ ಕೂಗ್ತಿತ್ತ್. ನಾನ್ ಈಗ ಕೇಂಡೆ."

ಉಳಿ ನಿಂತಿತು. "ಬೋರ್ಡ್ ಎಷ್ಟ್?"

"ಸೊನ್ನೆ."

ಅವನು ಮತ್ತೆ ಕೆರೆಯತೊಡಗಿದ. ಅವಳು ತಿರುಗಿ ಹೊರಟಳು. ನಾಲ್ಕು ಹೆಜ್ಜೆ ಹೋದಾಗ ಹಿಂದಿನಿಂದ ಅವನ ಮಾತು ಕೇಳಿಸಿತು.

"ಹ್ವಾಯ್, ಹ್ಯಾಂಗೆ ಕೂಗ್ತ್ ಅದ್? ಜೋರಾ, ಸಣ್ಣದಾ?"

ಅವಳು ನಿಂತಳು. "ಸಣ್ಣಕೆ," ಎಂದಳು. "ಆದ್ರೆ ಮತ್ತೆ ಮತ್ತೆ ಕೂಗ್ತ್."

ಮಹಾಬಲ ಉಳಿಯನ್ನು ಮರಳಿಗೆ ಚುಚ್ಚಿ ಎದ್ದು ನಿಂತ. ಕಡಲಿನ ಕಡೆ ನೋಡಿದ. ಆಮೇಲೆ ಜೇಬಿನಿಂದ ಫೋನು ತೆಗೆದು, ಗೋವಾದವರಿಗೆ ಈ ವಾರ ಬರುವುದು ಬೇಡ ಎಂದ.